ಗಿರಮಲ್ಲಪ್ಪನ ಕಿವಿಯ ಯಂತ್ರ ಮತ್ತು ಹಿತ್ತಲ ಗೋಡೆ

ಬನಹಟ್ಟಿಯ ನೇಕಾರರ ಓಣಿಗಳಲ್ಲಿ ಸೀರೆಯ ಒಡಲು ಎಲ್ಲರದೂ ಹೆಚ್ಚುಕಡಿಮೆ ಒಂದೇ. ಅದು ಯಾವ ಮನೆಯ ಮಗ್ಗದ್ದೆಂಬುದು ತಿಳಿಯುವುದು ಅಂಚಿನಿಂದ. ಕೆಂಪು ಎಷ್ಟು ಎಳೆ, ಅದರ ಮಗ್ಗುಲಿಗೆ ಬಿಳಿ ಎಷ್ಟು, ಹಳದಿ ಇಣುಕುವುದು ಎಲ್ಲಿ ಎಂಬ ಲೆಕ್ಕವೇ ಒಂದು ಮನೆತನದ ಗುಟ್ಟು. ಲೆಕ್ಕ ಗೊತ್ತಾದವನಿಗೆ ಮಾದರಿಯ ಹಂಗಿಲ್ಲ. ಎಳೆ ಎಣಿಸಿ ಹೊಂದಿಸಿದರೆ ಅಂಚು ತಾನಾಗಿ ಮೂಡುತ್ತದೆ. ಮಾರುಕಟ್ಟೆಗೆ ಬಂದ ಸೀರೆಯನ್ನು ಬಿಡಿಸಿ ಎಣಿಸುವವರು ಎಲ್ಲ ಊರಲ್ಲೂ ಇದ್ದಾರೆ, ಅದಕ್ಕೆ ಯಾರೂ ಬೇಸರಪಡುವುದಿಲ್ಲ. ಆದರೆ 1954ರ ಚಳಿಗಾಲದಲ್ಲಿ ಗಿರಮಲ್ಲಪ್ಪನ ಹೊಸ ಅಂಚಿನ ಸೀರೆ ಇನ್ನೂ ಮಗ್ಗದಿಂದ ಇಳಿದೇ ಇರಲಿಲ್ಲ. ಅದೇ ಅಂಚು, ಎಳೆಗೆ ಎಳೆ ತಪ್ಪದೆ, ಹಿಂದಿನ ಮನೆಯ ನಾಮದೇವನ ಸೀರೆಯ ಮೇಲೆ ಪೇಟೆಗೆ ಬಂದುಬಿಟ್ಟಿತ್ತು. ಹೀಗಾದದ್ದು ಅದು ನಾಲ್ಕನೆಯ ಸಲ. ಲೆಕ್ಕ ಮನೆಯೊಳಗಿನಿಂದಲೇ ಹೋಗುತ್ತಿದೆ ಎಂಬುದರಲ್ಲಿ ಗಿರಮಲ್ಲಪ್ಪನಿಗೆ ಸಂದೇಹ ಉಳಿಯಲಿಲ್ಲ. ಕೊಡುತ್ತಿರುವವರು ಯಾರು ಎಂಬುದಷ್ಟೇ ಪ್ರಶ್ನೆ, ಅದಕ್ಕೂ ಅವನಲ್ಲಿ ಉತ್ತರ ಸಿದ್ಧವಿತ್ತು: ತಮ್ಮ ಶಿದ್ರಾಮಪ್ಪ.

ಗಿರಮಲ್ಲಪ್ಪನಿಗೆ ಆಗ ನಾಲ್ವತ್ತು ವರ್ಷ. ಯುದ್ಧದ ಕಾಲದಲ್ಲಿ ಫೌಜಿಗೆ ಸೇರಿ, ತೋಫಖಾನೆಯಲ್ಲಿ ನಾಲ್ಕು ವರ್ಷ ಗುಂಡು ತುಂಬುವ ಕೆಲಸ ಮಾಡಿ, ಬರ್ಮಾದ ಕಾಡಿನಿಂದ ಎರಡೂ ಕಿವಿ ಕಳೆದುಕೊಂಡು ಬಂದವನು. ಬಂದ ಮೇಲೆ ಆರು ತಿಂಗಳು ಅವನು ಬಾಯಿ ತೆರೆಯಲಿಲ್ಲ. ತನ್ನ ದನಿ ತನಗೇ ಕೇಳದ ಮನುಷ್ಯನಿಗೆ ಮಾತು ಕತ್ತಲೆಯಲ್ಲಿ ಎಸೆದ ಕಲ್ಲಿನಂತೆ. ಎಲ್ಲಿ ಬಿತ್ತೋ ತಿಳಿಯುವುದಿಲ್ಲ. ಏಳನೆಯ ತಿಂಗಳು ಒಂದು ದಿನ ಪಡಸಾಲೆಯಲ್ಲಿ ಎಳೆ ಹೊಂದಿಸುತ್ತಿದ್ದ ಹೆಂಡತಿ ಸಾವಿತ್ರೆವ್ವನ ಬಳಿ ಕುಳಿತವನು, ಇದ್ದಕ್ಕಿದ್ದಂತೆ, ‘ಮೂರು ಕೆಂಪು, ಒಂದು ಬಿಳಿ, ಐದು ಕರಿ’ ಎಂದ. ಅವಳ ಕೈಯಲ್ಲಿದ್ದ ನೂಲು ಕೆಳಗೆ ಬಿತ್ತು. ಆವತ್ತಿನಿಂದ ಅವನು ಮತ್ತೆ ಮಾತಾಡತೊಡಗಿದ.

ಕಿವುಡನಾದರೂ ಅವನಿಗೆ ಮನೆಯವರ ಮಾತು ತಿಳಿಯುತ್ತಿದ್ದುದಕ್ಕೆ ಒಂದು ಕಾರಣವಿತ್ತು. ಅವರ ಮನೆಯ ಮಗ್ಗದ ಕೋಣೆಯಲ್ಲಿ ಆರು ಮಗ್ಗಗಳು ಒಂದರ ಮಗ್ಗುಲಿಗೊಂದು ನಡೆಯುತ್ತವೆ. ತಗ್ಗು ಮಾಳಿಗೆ, ಒಂದೇ ಬಾಗಿಲು. ಹಗ್ಗ ಜಗ್ಗಿದರೆ ಲಾಳಿ ತಾನೇ ಓಡುವ ಮಗ್ಗಗಳು ಬಂದ ಮೇಲೆ ಅಲ್ಲಿ ದನಿ ಎತ್ತಿ ಪ್ರಯೋಜನವಿರಲಿಲ್ಲ. ಹೀಗಾಗಿ ಮಗ್ಗದವರು ದನಿಯನ್ನು ಬಿಟ್ಟು ಬರೀ ತುಟಿಯಲ್ಲಿ ಮಾತಾಡುತ್ತಿದ್ದರು. ಗಿರಮಲ್ಲಪ್ಪ ಎಂಟನೆಯ ವಯಸ್ಸಿನಿಂದ ಈ ತುಟಿಮಾತಿನಲ್ಲಿ ಬೆಳೆದವನು. ಕಿವಿ ಹೋದಾಗ ಮಗ್ಗದ ಕೋಣೆಯ ರೂಢಿಯೇ ಇಡೀ ಮನೆಗೆ ಹರಡಿತು. ಅಡುಗೆಮನೆಯಲ್ಲಿರಲಿ ಪಡಸಾಲೆಯಲ್ಲಿರಲಿ, ಅವನಿಗೆ ಏನಾದರೂ ಹೇಳಬೇಕಾದಾಗ ಎಲ್ಲರೂ ಎದುರಿಗೆ ಬಂದು, ದನಿಯಿಲ್ಲದೆ, ತುಟಿ ಮಾತ್ರ ಆಡಿಸಿ ಹೇಳುತ್ತಿದ್ದರು. ಅದೊಂದು ವಿಶೇಷವೆಂದು ಯಾರಿಗೂ ಅನಿಸಿರಲಿಲ್ಲ. ಆ ಮಾತಿನಲ್ಲಿ ದನಿಯಿಲ್ಲವೆಂದು ಅವನಿಗಂತೂ ತಿಳಿಯುವ ಬಗೆಯೇ ಇರಲಿಲ್ಲ.

ಕಣ್ಣಿನಿಂದ ಕೇಳುವವನಿಗೆ ಗುಟ್ಟು ಎಂಬುದರ ಅರ್ಥವೂ ಬೇರೆಯಾಗುತ್ತದೆ. ಯಾರಿಗೆ ಕಾಣುವುದಿಲ್ಲವೋ ಅವರಿಗೆ ಕೇಳುವುದೂ ಇಲ್ಲ ಎಂದು ಅವನ ಮನಸ್ಸು ತನಗರಿವಿಲ್ಲದೆಯೇ ತೀರ್ಮಾನಿಸಿಬಿಟ್ಟಿತ್ತು. ಮೊದಲ ಅಂಚು ಕಳುವಾದಾಗ ಅವನು ತಮ್ಮನ ಕಣ್ಣು ತಪ್ಪಿಸಬೇಕೆಂದು ಲೆಕ್ಕ ಹೇಳುವ ಜಾಗವನ್ನು ಪಡಸಾಲೆಯಿಂದ ಹಿತ್ತಲಿಗೆ ಬದಲಿಸಿದ. ಹಿತ್ತಲಿಗೆ ಆಳುದ್ದಕ್ಕಿಂತ ಎತ್ತರದ ಮಣ್ಣಿನ ಗೋಡೆ. ಅದರಾಚೆ ನಾಮದೇವನ ಮಗ್ಗದ ಕೋಣೆ. ಇಣುಕಲು ಒಂದು ಬಿರುಕೂ ಇರಲಿಲ್ಲ. ಗಿರಮಲ್ಲಪ್ಪ ಬಾಗಿಲು ಮುಂದೆ ಮಾಡಿ, ಹೆಂಡತಿಯ ಕಿವಿಯ ಹತ್ತಿರ ಬಾಗಿ, ಎಳೆಯ ಲೆಕ್ಕವನ್ನು ಪಿಸುಗುಟ್ಟುತ್ತಿದ್ದ. ಹೀಗೆ ಹೇಳುವಾಗಲೆಲ್ಲ ಸಾವಿತ್ರೆವ್ವ ಬೆರಳನ್ನು ತನ್ನ ತುಟಿಯ ಮೇಲಿಟ್ಟು ಮನೆಯ ಕಡೆಗೂ ಗೋಡೆಯ ಕಡೆಗೂ ಕಣ್ಣು ಹಾಯಿಸುತ್ತಿದ್ದಳು. ಅದರ ಅರ್ಥ ಅವನಿಗೆ ನಿಚ್ಚಳವಾಗಿತ್ತು: ಮೈದುನ ಬಾಗಿಲ ಹಿಂದೆ ನಿಂತಿದ್ದಾನೆ, ಎಚ್ಚರ. ಎರಡು ಸಲ ಎದ್ದುಹೋಗಿ ಬಾಗಿಲು ತೆರೆದು ನೋಡಿದ್ದ. ಯಾರೂ ಇರಲಿಲ್ಲ. ಅಷ್ಟು ಬೇಗ ತಪ್ಪಿಸಿಕೊಂಡನೆಂದರೆ ಕಳ್ಳ ಪಳಗಿದವನೇ ಎಂದುಕೊಂಡ.

ನಾಲ್ಕನೆಯ ಕಳವಿನ ನಂತರ ಚಹಾದಂಗಡಿಯಲ್ಲಿ ನಾಮದೇವ ಎದುರಿಗೆ ಸಿಕ್ಕು, ತುಟಿ ಚೆನ್ನಾಗಿ ಕಾಣುವಂತೆ ನಿಂತು ಹೇಳಿದ: ‘ಗಿರಮಲ್ಲಪ್ಪಣ್ಣಾ, ತಲಿ ನಿಂದು ಛಲೋ ಐತಿ, ಕೈ ನಂದು ಛಲೋ ಐತಿ. ಇಬ್ಬರೂ ಕೂಡಿ ಒಂದ ಅಂಗಡಿ ಹಾಕೂಣೇನ?’

ಸುತ್ತ ಕುಳಿತವರ ಹೊಟ್ಟೆ ಕುಲುಕಿದ್ದು ಗಿರಮಲ್ಲಪ್ಪನಿಗೆ ಕಂಡಿತು. ಆ ಸಂಜೆಯೇ ಅವನು ಕೆಮ್ಮಣ್ಣು ಕಲಸಿ ಮಗ್ಗದ ಕೋಣೆಯ ನಡುವೆ, ಮೂರು ಮಗ್ಗ ಈಚೆ ಮೂರು ಮಗ್ಗ ಆಚೆ ಆಗುವಂತೆ, ಒಂದು ಗೆರೆ ಎಳೆದ. ಯುಗಾದಿ ಮುಗಿದ ಕೂಡಲೇ ಅಲ್ಲಿ ಗೋಡೆ ಏಳುವುದೆಂದು ತಮ್ಮನಿಗೆ ಹೇಳಿದ. ಶಿದ್ರಾಮಪ್ಪ ಗೆರೆಯನ್ನು ನೋಡಿದ, ಅಣ್ಣನನ್ನು ನೋಡಿದ, ಏನೂ ಹೇಳಲಿಲ್ಲ. ನಿರಪರಾಧಿಯಾದವನು ಜಗಳಕ್ಕೆ ಬರಬೇಕಿತ್ತಲ್ಲ ಎಂದು ಗಿರಮಲ್ಲಪ್ಪ ಆ ಮೌನವನ್ನೂ ಸಾಕ್ಷ್ಯದ ಗಂಟಿಗೆ ಸೇರಿಸಿದ.

ಇಂಥ ಹೊತ್ತಿನಲ್ಲಿ ವಿಜಾಪುರದ ಸೋಲ್ಜರ್ ಬೋರ್ಡಿನಿಂದ ಕಾಗದ ಬಂತು. ಯುದ್ಧದಲ್ಲಿ ಕಿವಿ ಕೆಟ್ಟವರನ್ನು ಪುಣೆಯ ಮಿಲಿಟರಿ ಆಸ್ಪತ್ರೆಯಲ್ಲಿ ಮತ್ತೆ ಪರೀಕ್ಷೆ ಮಾಡಿ, ತಕ್ಕವರಿಗೆ ಕೇಳುವ ಯಂತ್ರ ಕೊಡುವುದೆಂದು ಅದರಲ್ಲಿ ಬರೆದಿತ್ತು. ಹಣ ತೆರಬೇಕಾಗಿಲ್ಲ, ರೈಲಿನ ಪಾಸೂ ಜೊತೆಗಿತ್ತು. ಪುಕ್ಕಟೆ ಎಂಬ ಮಾತೇ ಅವನನ್ನು ಎಚ್ಚರಗೊಳಿಸಿತು. ಒಂಬತ್ತು ವರ್ಷ ನೆನೆಯದ ಸರಕಾರ ಈಗೇಕೆ ನೆನೆಯಿತು? ಕೇಳಿಸುತ್ತದೆ ಎಂದು ಒಮ್ಮೆ ಒಪ್ಪಿಸಿದರೆ ಕಿವಿ ಹೋದದ್ದಕ್ಕೆ ಬರುವ ಪೆನ್ಶನ್ ನಿಲ್ಲಿಸಬಹುದಲ್ಲ. ಆದರೂ ಅವನು ಹೊರಟ. ಸರಕಾರದ ಮೇಲಿನ ಸಂಶಯಕ್ಕಿಂತ ತಮ್ಮನ ಮೇಲಿನ ಸಂಶಯ ದೊಡ್ಡದಿತ್ತು. ಆ ಯಂತ್ರ ಖರೆ ಕೇಳಿಸುವುದಾದರೆ ಕಳ್ಳ ಸಿಕ್ಕಂತೆಯೇ.

ಕುಡಚಿಯಲ್ಲಿ ರೈಲು ಹತ್ತಿ, ಮಿರಜಿಯಲ್ಲಿ ಬದಲಿಸಿ ಪುಣೆ ಮುಟ್ಟಿದ. ಅಲ್ಲಿ ಡಾಕ್ಟರು ಎರಡು ಹಲ್ಲಿನ ಉಕ್ಕಿನ ಕವಲೊಂದನ್ನು ಬಡಿದು ಅವನ ಕಿವಿಯ ಹಿಂದಿನ ಎಲುಬಿಗೆ ಒತ್ತಿದರು. ಎಲುಬಿನೊಳಗೆ ಜೇನು ಹೊಕ್ಕಂತಾಯಿತು. ಹೌದೆನ್ನಬೇಕೋ ಇಲ್ಲವೆನ್ನಬೇಕೋ ತಿಳಿಯದೆ ಅವನು ಸುಮ್ಮನೆ ಗೋಡೆ ನೋಡಿದ. ಡಾಕ್ಟರಿಗೂ ಸಂಶಯ ಬಂದಿರಬೇಕು. ಬೆಳಗಾವಿ ಕಡೆಯ ಒಬ್ಬ ಆರ್ಡರ್ಲಿಯನ್ನು ಕರೆದು ಕನ್ನಡದಲ್ಲಿ ಕೇಳಿಸಿದರು.

‘ಖರೆ ಹೇಳಪಾ, ಕೇಳಸತೈತೋ ಇಲ್ಲೋ? ಸೋಗ ಹಾಕಾಕತ್ತಾನ ಅಂತಾರ ಸಾಹೇಬರು.’

ತುಟಿಯ ಮೇಲೆ ಕಣ್ಣಿಟ್ಟಿದ್ದ ಗಿರಮಲ್ಲಪ್ಪ ತಟ್ಟನೆ ಉತ್ತರಿಸಿದ: ‘ಸೋಗ ಹಾಕಾಕ ನಾ ಏನ ದೊಡ್ಡಾಟದಾಂವ ಏನರಿ?’

ಇಷ್ಟು ಚುರುಕಾಗಿ ಉತ್ತರ ಕೊಟ್ಟವನನ್ನು ಕಿವುಡನೆಂದು ಯಾರು ನಂಬಬೇಕು! ಡಾಕ್ಟರು ಹುಬ್ಬೇರಿಸಿದರು. ಆಮೇಲೆ ಏನೋ ಹೊಳೆದು, ಮೇಜಿನ ಮೇಲಿನ ಫೈಲನ್ನು ಆರ್ಡರ್ಲಿಯ ಬಾಯಿಗೆ ಅಡ್ಡ ಹಿಡಿದು ಮತ್ತೆ ಕೇಳಿಸಿದರು. ಗಿರಮಲ್ಲಪ್ಪ ಫೈಲನ್ನೇ ನೋಡುತ್ತ ಕುಳಿತ. ಅಲ್ಲಿಗೆ ಪರೀಕ್ಷೆ ಮುಗಿಯಿತು. ಸಂಶಯವನ್ನು ಸಂಶಯವಾಗಿಯೇ ಬಿಡದೆ ಒಂದು ಫೈಲು ಅಡ್ಡ ಹಿಡಿದು ಬಗೆಹರಿಸಿಕೊಂಡ ಆ ಮನುಷ್ಯನ ಉಪಾಯ ಅವನಿಗೆ ಬಹಳ ಹಿಡಿಸಿತು. ಊರಿಗೆ ಮರಳುವಾಗ ದಾರಿಯುದ್ದಕ್ಕೂ ಅದನ್ನೇ ನೆನೆದ.

ಯಂತ್ರವೆಂದರೆ ಎದೆಯ ಮೇಲೆ ಚೀಲದಲ್ಲಿ ತೂಗುವ ಒಂದು ಪೆಟ್ಟಿಗೆ, ಅದರಿಂದ ಕಿವಿಗೆ ಹೋಗುವ ಒಂದು ತಂತಿ, ಎರಡು ಭಾರವಾದ ಸೆಲ್ಲುಗಳು, ದನಿ ಏರಿಸಿ ಇಳಿಸಲು ಒಂದು ಸಣ್ಣ ಗಾಲಿ. ಕಿವಿಗೆ ಹಾಕಿದ ಕೂಡಲೇ ಅಂಗಿಯು ಪೆಟ್ಟಿಗೆಗೆ ಉಜ್ಜಿದ ಸದ್ದು ತೋಫಿನಂತೆ ಗುಡುಗಿತು. ಗಾಬರಿಯಾಗಿ ‘ಇದೇನರಿ?’ ಎಂದು ಬಾಯಿ ತೆರೆದದ್ದೇ ತಡ, ಪೆಟ್ಟಿಗೆಯೊಳಗೆ ಯಾರೋ ಹುಲಿಯಂತೆ ಗರ್ಜಿಸಿದರು. ಡಾಕ್ಟರು ನಗುತ್ತ ಗಾಲಿ ಇಳಿಸಿ, ಕೈಯನ್ನು ಕೆಳಕ್ಕೆ ಆಡಿಸಿ ಹಿಂದೂಸ್ತಾನಿಯಲ್ಲಿ ಏನೋ ಹೇಳಿದರು. ಕನ್ನಡದ ತುಟಿಯಷ್ಟೇ ಬಲ್ಲವನಿಗೆ ಅದು ಹತ್ತಲಿಲ್ಲ. ಹಾಕಿಕೊಂಡವನು ಮಾತಾಡಿದರೆ ಯಂತ್ರ ಕಿರುಚುತ್ತದೆ, ಅದೊಂದು ದೋಷವಿದೆ, ಅದಕ್ಕೇ ಪುಕ್ಕಟೆ ಕೊಡುತ್ತಿದ್ದಾರೆ ಎಂದು ಅವನು ತಿಳಿದ. ಯಂತ್ರ ಹಾಕಿಕೊಂಡಾಗ ಬಾಯಿ ಬಿಡಬಾರದೆಂದು ಅಲ್ಲಿಯೇ ನಿಶ್ಚಯಿಸಿದ. ಮೂರು ತಿಂಗಳು ಬಳಸಿ, ಉಪಯೋಗವಾಯಿತೋ ಇಲ್ಲವೋ ಬರೆದು ಕಳಿಸಬೇಕೆಂದು ಒಂದು ಫಾರ್ಮನ್ನೂ ಕೊಟ್ಟರು.

ಮನೆಗೆ ಬಂದವನು, ಯಂತ್ರ ಸಿಕ್ಕಿತು, ಆದರೆ ಕೆಲಸಕ್ಕೆ ಬಾರದ್ದು, ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ ಎಂದು ಎಲ್ಲರಿಗೂ ಹೇಳಿದ. ಮರುದಿನದಿಂದ ಅದನ್ನು ಹಳೆಯ ಫೌಜಿ ಕೋಟಿನ ಒಳಗೆ ಕಟ್ಟಿ, ತಂತಿಯನ್ನು ಕುತ್ತಿಗೆಯ ಹಿಂದಿನಿಂದ ಏರಿಸಿ, ಕಿವಿಯ ಮೇಲೆ ರುಮಾಲು ಬಿಗಿಯಾಗಿ ಸುತ್ತಿಕೊಂಡು ಮನೆಯಲ್ಲಿ ತಿರುಗತೊಡಗಿದ. ಬೇಟೆಗೆ ಹೋದವನಂತೆ ತಾನು ತುಟಿ ಪಿಟ್ಟೆನ್ನಲಿಲ್ಲ.

ಮೊದಲ ಕೆಲವು ದಿನ ಕೇಳಿಸಿದ್ದೆಲ್ಲ ಒಂದೇ ಗದ್ದಲ. ರೊಟ್ಟಿ ಬಡಿಯುವ ಸದ್ದಿಗೂ ಬಾಗಿಲು ಬಡಿಯುವ ಸದ್ದಿಗೂ ಭೇದ ತಿಳಿಯದೆ ಎರಡು ಸಲ ಬಾಗಿಲು ತೆರೆದುಬಂದ. ಮಗ್ಗದ ಕೋಣೆಯಲ್ಲಂತೂ ಗಾಲಿ ಪೂರ್ತಿ ಇಳಿಸದೆ ಕೂಡ್ರಲಾಗುತ್ತಿರಲಿಲ್ಲ. ಆದರೆ ಅವನನ್ನು ನಿಜವಾಗಿ ಕಂಗೆಡಿಸಿದ್ದು ಬೇರೊಂದು. ಹೆಂಡತಿ ಎದುರಿಗೆ ಬಂದು ಉಣ್ಣಲು ಕರೆಯುತ್ತಾಳೆ. ತುಟಿ ಆಡುತ್ತದೆ, ಪೆಟ್ಟಿಗೆಯಲ್ಲಿ ಸದ್ದಿಲ್ಲ. ತಮ್ಮ ಎದುರಿಗೆ ನಿಂತು ನೂಲಿನ ಗಾಡಿ ಬಂದದ್ದನ್ನು ಹೇಳುತ್ತಾನೆ. ತುಟಿ ಆಡುತ್ತದೆ, ಸದ್ದಿಲ್ಲ. ಅದೇ ಅವರು ಬೆನ್ನು ತಿರುಗಿಸಿ ಒಳಗೆ ಹೋದರೆ, ಅಲ್ಲಿಂದ ದನಿಗಳು ಬರುತ್ತವೆ. ಆ ದನಿಗಳೋ, ಒಂಬತ್ತು ವರ್ಷ ಬಳಕೆ ತಪ್ಪಿದ ಕಿವಿಗೆ ಬರೀ ಗುಣುಗುಣು, ಒಂದು ಶಬ್ದವೂ ಬಿಡಿಯಾಗಿ ಸಿಕ್ಕುತ್ತಿರಲಿಲ್ಲ. ಕಾಣುವ ಮಾತು ಕೇಳುವುದಿಲ್ಲ, ಕೇಳುವ ಮಾತು ಕಾಣುವುದಿಲ್ಲ. ಇದಕ್ಕೆ ಯಂತ್ರದ ದೋಷವೆನ್ನಲು ಬರುವುದಿಲ್ಲ. ಕಾಗೆ, ಆಕಳು, ಹಿತ್ತಲಾಚೆಯ ನಾಮದೇವನ ಮಗ್ಗ ಎಲ್ಲವೂ ಕೇಳುತ್ತಿದ್ದವು. ಹಾಗಿದ್ದರೆ ಉಳಿದದ್ದು ಒಂದೇ. ಯಂತ್ರ ಹಾಕಿಕೊಂಡದ್ದು ಇವರಿಗೆ ಗೊತ್ತಾಗಿದೆ, ತನ್ನೆದುರು ದನಿ ನುಂಗಿ, ಮರೆಯಲ್ಲಿ ಬಿಡುತ್ತಿದ್ದಾರೆ. ಸಂಶಯದ ಲಕ್ಷಣವೇ ಅದು: ಹೊಸ ಸಾಕ್ಷ್ಯ ಯಾವುದೇ ಬರಲಿ, ಹಳೆಯ ತೀರ್ಪಿಗೇ ಹೊಂದಿಕೊಳ್ಳುತ್ತದೆ.

ಆಗ ಪುಣೆಯ ಡಾಕ್ಟರ ಫೈಲು ಅವನಿಗೆ ನೆನಪಾಯಿತು. ಪರೀಕ್ಷೆ ಮಾಡಿಯೇ ನೋಡಬೇಕೆಂದು ಎರಡು ಹೊಸ ಅಂಚುಗಳನ್ನು ಮನಸ್ಸಿನಲ್ಲಿ ಕಟ್ಟಿದ. ಒಂದು ಏಳು ಹಸಿರಿನದು. ಅದರ ಲೆಕ್ಕವನ್ನು ಮಗ್ಗದ ಕೋಣೆಯಲ್ಲಿ, ಚಿಕ್ಕಂದಿನ ರೂಢಿಯಂತೆ ದನಿಯಿಲ್ಲದ ತುಟಿಯಲ್ಲಿ, ತಮ್ಮನೊಬ್ಬನಿಗೆ ಹೇಳಿದ. ಇನ್ನೊಂದು ಹನ್ನೊಂದು ಹಳದಿಯದು. ಅದನ್ನು ಹಿತ್ತಲಿನಲ್ಲಿ, ಕಿರುಚುವ ಯಂತ್ರವನ್ನು ಬಂದ್ ಮಾಡಿ, ಹೆಂಡತಿಯೊಬ್ಬಳಿಗೆ ಪಿಸುಗುಟ್ಟಿದ. ಅವಳು ಎಂದಿನಂತೆ ತುಟಿಯ ಮೇಲೆ ಬೆರಳಿಟ್ಟಳು. ನಾಮದೇವನ ಸೀರೆಯ ಮೇಲೆ ಹಸಿರು ಬಂದರೆ ಗೋಡೆ ಏಳುತ್ತದೆ. ಬೇರೆ ಏನಾದರೂ ಬರಬಹುದೆಂದು ಅವನು ಯೋಚಿಸಿರಲೇ ಇಲ್ಲ.

ಹನ್ನೆರಡನೆಯ ದಿನ ಪೇಟೆಯಲ್ಲಿ ನಾಮದೇವ ಹೊಸ ಸೀರೆ ಬಿಚ್ಚಿದ. ಹನ್ನೊಂದು ಹಳದಿ.

ಗಿರಮಲ್ಲಪ್ಪ ಪೇಟೆಯಿಂದ ಮನೆಗೆ ನಡೆದು ಬಂದದ್ದು ಹೇಗೆಂದು ಅವನಿಗೇ ಗೊತ್ತಿರಲಿಲ್ಲ. ತಮ್ಮನಾದರೆ ಗೋಡೆ ಕಟ್ಟಬಹುದಿತ್ತು. ಹೆಂಡತಿಯಾದರೆ ಗೋಡೆ ಎಲ್ಲಿ ಕಟ್ಟುವುದು? ಒಂಬತ್ತು ವರ್ಷ ತನ್ನ ಕಿವಿಯಾಗಿದ್ದವಳು ಅವಳು. ಹೊರಗಿನವರು ಹೇಳಿದ್ದು ಹೆಚ್ಚಾಗಿ ಅವಳ ತುಟಿಯ ಮೂಲಕವೇ ಅವನಿಗೆ ಮುಟ್ಟುತ್ತಿತ್ತು. ಅದರಲ್ಲಿ ಎಷ್ಟು ಖರೆ, ಎಷ್ಟು ಅವಳು ಕೂಡಿಸಿದ್ದು?

ಸಾವಿತ್ರೆವ್ವ ಹಿತ್ತಲಿನಲ್ಲಿ ನೂಲು ಒಣಹಾಕುತ್ತಿದ್ದಳು. ಅವನು ಬಾಗಿಲು ಮುಂದೆ ಮಾಡಿದ. ಈ ಸಲ ಅವಳ ಉತ್ತರದಲ್ಲಿ ದನಿ ಇದೆಯೋ ಇಲ್ಲವೋ ನೋಡಿಯೇ ಬಿಡಬೇಕೆಂದು ಯಂತ್ರದ ಗಾಲಿಯನ್ನು ಏರಿಸಿದ. ಗೋಡೆಯಾಚೆ ನಾಮದೇವನ ಮಗ್ಗ ಟಕಟಕನೆ ಹೊಡೆಯುತ್ತಿತ್ತು. ಅವನು ಹೆಂಡತಿಯ ಹತ್ತಿರ ಬಾಗಿ, ತನಗೆ ತಿಳಿದ ಅತ್ಯಂತ ಮೆತ್ತನೆಯ ಪಿಸುಮಾತಿನಲ್ಲಿ ಕೇಳಿದ:

‘ನಾಮದೇವಗ ಲೆಕ್ಕ ಹೇಳಿದಾಕಿ ನೀನ ಏನ?’

ಪೆಟ್ಟಿಗೆ ಗರ್ಜಿಸಿತು. ಅದು ಅವನಿಗೆ ಗೊತ್ತಿದ್ದ ದೋಷ, ತಲೆ ಕೆಡಿಸಿಕೊಳ್ಳಲಿಲ್ಲ. ಗೊತ್ತಿಲ್ಲದ್ದು ಅದರ ಹಿಂದೆ ಬಂತು: ನಾಮದೇವನ ಮಗ್ಗ ನಿಂತುಹೋಯಿತು.

ಸಾವಿತ್ರೆವ್ವ ಎಂದಿನಂತೆ ತುಟಿಯ ಮೇಲೆ ಬೆರಳಿಟ್ಟಳು. ಸ್ವಲ್ಪ ಹೊತ್ತಿಗೆ ಮಗ್ಗ ಮತ್ತೆ ಹೊಡೆಯತೊಡಗಿತು. ಅವನು ಗೋಡೆಯ ಕಡೆ ತಿರುಗದೆ, ಇನ್ನೂ ಮೆತ್ತಗೆ, ‘ಮೂರು ಕೆಂಪು’ ಎಂದ. ಪೆಟ್ಟಿಗೆ ಗರ್ಜಿಸಿತು, ಮಗ್ಗ ನಿಂತಿತು. ಅವನು ತಡೆದ, ಮಗ್ಗ ಓಡಿತು. ‘ಒಂದು ಬಿಳಿ’ ಎಂದ. ಮಗ್ಗ ನಿಂತಿತು. ಒಂದು ಸಲ ಆದದ್ದು ಆಕಸ್ಮಿಕವಿರಬಹುದು, ಮೂರು ಸಲ ಆದದ್ದು ಆಕಸ್ಮಿಕವಲ್ಲ. ಅವನು ಕೋಟಿನೊಳಗೆ ಕೈ ಹಾಕಿ ಯಂತ್ರವನ್ನು ಮುಟ್ಟಿ ನೋಡಿದ. ಪೆಟ್ಟಿಗೆಯ ಗರ್ಜನೆ ತನ್ನ ಕಿವಿಯೊಳಗಿನದು, ಗೋಡೆಯಾಚೆಯವನಿಗೆ ಅದು ಕೇಳಲಾರದು. ಕೇಳಿದ್ದೆಂದರೆ ಅವನ ಬಾಯಿಂದ ಹೊರಟದ್ದೇ ಇರಬೇಕು.

ಅವನ ಮುಖ ನೋಡಿ ಸಾವಿತ್ರೆವ್ವ ಕೈಯ ನೂಲು ಕೆಳಗಿಟ್ಟಳು. ಕೋಟಿನೊಳಗಿನ ತಂತಿ ಅವಳಿಗೆ ಆಗ ಕಂಡಿತು.

‘ದನಿ ತಗದು ಮಾತಾಡು’ ಎಂದ ಗಿರಮಲ್ಲಪ್ಪ. ಗರ್ಜನೆಗೆ ತಾನೇ ಬೆಚ್ಚಿದ. ‘ನಾ ಒದರತೇನಿ?’

ಅವಳು ಗೋಡೆಯ ಕಡೆ ಒಮ್ಮೆ ನೋಡಿ, ಅವನನ್ನು ಒಳಗೆ ಕರೆದುಕೊಂಡು ಹೋಗಿ, ಎದುರು ಕುಳಿತು, ಒಂಬತ್ತು ವರ್ಷಗಳಲ್ಲಿ ಮೊದಲ ಸಲ ಅವನೊಡನೆ ದನಿಯಿಂದ ಮಾತಾಡಿದಳು. ತುಟಿಯೂ ದನಿಯೂ ಒಂದೇ ಕಡೆಯಿಂದ ಬಂದವು. ಗುಣುಗುಣು ಎನ್ನುತ್ತಿದ್ದದ್ದು ಬಿಡಿಬಿಡಿಯಾಗಿ ಶಬ್ದವಾಯಿತು.

‘ನೀವು ಪಿಸಪಿಸ ಅಂದರ ಗುಡಿ ಕಟ್ಟಿ ಮ್ಯಾಲ ಕುಂತವರು ತಿರಗಿ ನೋಡತಾರ್ರಿ. ಸಾಕಷ್ಟು ಸಲ ತುಟಿ ಮ್ಯಾಲ ಬಟ್ಟ ಇಟ್ಟು ಸನ್ನಿ ಮಾಡಿದೆ. ನೀವು ಎದ್ದ ಹೋಗಿ ಬಾಗಲಾ ನೋಡತಿದ್ರಿ.’

ಬಾಯಿ ಬಿಟ್ಟು ಹೇಳಲು ಏನಾಗಿತ್ತೆಂದು ಅವನು ಕೇಳಿದ. ಮೊದಲ ಅಂಚು ಹೋದಾಗಲೇ ಹೇಳಬೇಕೆಂದು ಹೊರಟವಳನ್ನು ಶಿದ್ರಾಮಪ್ಪನೇ ತಡೆದನಂತೆ.

‘ಅಂವಾ ಏನಂದಾ?’

‘ಅಂಚು ಹ್ವಾದರ ಇನ್ನೊಂದು ಕಟ್ಟಿದರಾತು ವೈನಿ, ಅಣ್ಣ ಆರು ತಿಂಗಳು ಬಾಯಿ ಮುಚಗೊಂಡ ಕುಂತಿದ್ದು ಮರತೀರೇನ? ಒದರತಿ ಅಂತ ಹೇಳಿದರ ಮತ್ತ ಬಾಯಿ ಮುಚಗೋತಾನ. ಒದರಲಿ ಬಿಡ್ರಿ, ಅಂದಾ.’

ಗಿರಮಲ್ಲಪ್ಪ ಇದನ್ನೂ ಕೂಡಲೇ ನಂಬಿದನೆಂದು ಹೇಳಲಾಗದು. ಇದು ಇಬ್ಬರೂ ಕೂಡಿ ಕಟ್ಟಿದ ಮಾತಿರಬಹುದೇ ಎಂದು ಅವನ ಮನಸ್ಸು ತನ್ನ ಹಳೆಯ ಜಾಡಿನಲ್ಲಿ ಎರಡು ಹೆಜ್ಜೆ ನಡೆಯಿತು. ಆದರೆ ಹಸಿರು ಅಂಚಿನ ನೆನಪಾಗಿ ಅಲ್ಲಿಯೇ ನಿಂತಿತು. ಏಳು ಹಸಿರಿನ ಲೆಕ್ಕ ಹನ್ನೆರಡು ದಿನ ಶಿದ್ರಾಮಪ್ಪನೊಬ್ಬನ ಹತ್ತಿರ ಇತ್ತು. ಅದು ಎಲ್ಲಿಗೂ ಹೋಗಿರಲಿಲ್ಲ.

ಮರುದಿನ ಬೆಳಿಗ್ಗೆ ಅವನು ಯಂತ್ರವನ್ನು ಕೋಟಿನ ಮೇಲೆ ಎಲ್ಲರಿಗೂ ಕಾಣುವಂತೆ ತೂಗುಹಾಕಿಕೊಂಡು ಮಗ್ಗದ ಕೋಣೆಗೆ ಹೋದ. ಶಿದ್ರಾಮಪ್ಪ ಒಬ್ಬನೇ, ಗೆರೆಯ ಆಚೆಯ ಮೊದಲ ಮಗ್ಗದಲ್ಲಿ ಎಳೆ ಹೊಂದಿಸುತ್ತ ಕುಳಿತಿದ್ದ. ಗಿರಮಲ್ಲಪ್ಪ ಬಾಗಿ ನೋಡಿದ. ಏಳು ಹಸಿರು, ಒಂದೂ ತಪ್ಪಿರಲಿಲ್ಲ. ತಮ್ಮ ತಲೆಯೆತ್ತಿ, ಪೆಟ್ಟಿಗೆಯನ್ನು ಕಂಡು, ಮಗ್ಗಗಳು ನಿಂತಿದ್ದ ಆ ಹೊತ್ತಿನಲ್ಲಿ ರೂಢಿ ತಪ್ಪಿ ದನಿಯಿಂದಲೇ ಕೇಳಿದ.

‘ಅಣ್ಣಾ, ಕೇಳಸತೈತೇನ?’

ಆ ದನಿ ಅಪ್ಪನ ದನಿಯಂತೆಯೇ ಇತ್ತು. ಯುದ್ಧಕ್ಕೆ ಹೋಗುವಾಗ ತಮ್ಮನ ದನಿ ಇನ್ನೂ ಒಡೆದಿರಲಿಲ್ಲ. ಈಗ ಅದು ಹೀಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಉತ್ತರ ಹೇಳಲು ಬಾಯಿ ತೆರೆದವನು, ಪೆಟ್ಟಿಗೆಯ ಗರ್ಜನೆ ನೆನಪಾಗಿ, ತಡೆದು, ತುಟಿಯನ್ನಷ್ಟೇ ಆಡಿಸಿದ: ‘ಹಸಿರಿನ ಮಗ್ಗಲಕ ಒಂದು ಬಿಳಿ ಹಾಕು.’ ಆಮೇಲೆ ಹಿತ್ತಲಿನಿಂದ ಒಂದು ಕೊಡ ನೀರು ತಂದು ನೆಲದ ಮೇಲಿನ ಕೆಮ್ಮಣ್ಣಿನ ಗೆರೆಗೆ ಸುರಿದು ಕಾಲಿನಿಂದ ತಿಕ್ಕಿದ. ನೆಲ ಮೊಳದಗಲ ಕೆಂಪಾಯಿತು, ಗೆರೆ ಪೂರ್ತಿ ಹೋಗಲಿಲ್ಲ. ಶಿದ್ರಾಮಪ್ಪ ನೋಡಿಯೂ ನೋಡದವನಂತೆ ಎಳೆ ಎಣಿಸುತ್ತಿದ್ದ.

ಪಿಸುಮಾತು ಎಂದರೆ ಎಷ್ಟೆಂಬುದನ್ನು ಗಿರಮಲ್ಲಪ್ಪ ಕಲಿಯಲು ಮಳೆಗಾಲ ಬರಬೇಕಾಯಿತು. ಮುಂಜಾನೆ ಹಿತ್ತಲಿನಲ್ಲಿ ನಿಂತು, ನಾಮದೇವನ ಮಗ್ಗ ನಿಲ್ಲದಂತೆ ‘ಮೂರು ಕೆಂಪು’ ಎಂದು ಹೇಳಲು ಸಾಧ್ಯವಾಗುವ ತನಕ ದನಿ ಇಳಿಸುತ್ತ ಹೋದ. ಅದಕ್ಕಿಂತ ನಂಬಿಗಸ್ತ ಅಳತೆಗೋಲು ಊರಲ್ಲಿ ಇನ್ನೊಂದಿರಲಿಲ್ಲ. ಮೂರು ತಿಂಗಳ ಫಾರ್ಮು ತುಂಬಿಸಲು ಸಾಲಿಯ ಮಾಸ್ತರರ ಹತ್ತಿರ ಹೋದಾಗ, ಪರರ ಮಾತು ಅರ್ಧಮರ್ಧ ಕೇಳುತ್ತದೆ ಎಂದಷ್ಟೇ ಬರೆಸಿದ. ತನ್ನ ಮಾತು ಕೇಳುತ್ತದೆಂದು ಬರೆಸಲಿಲ್ಲ; ಅದನ್ನು ಫಾರ್ಮಿನಲ್ಲಿ ಕೇಳಿರಲಿಲ್ಲ, ಪೆನ್ಶನ್ನಿನ ವಿಷಯದಲ್ಲಿ ಸರಕಾರವನ್ನು ನಂಬಲು ಅವನಿಗೆ ಇನ್ನೂ ಕಾರಣ ಸಿಕ್ಕಿರಲಿಲ್ಲ.

ಹಸಿರು ಅಂಚಿನ ಸೀರೆ ಮಗ್ಗದಿಂದ ಇಳಿದ ದಿನ ಅವನು ಯಂತ್ರ ಹಾಕಿಕೊಂಡು ಹಿತ್ತಲಿಗೆ ಹೋಗಿ ಗೋಡೆಯ ಬುಡದಲ್ಲಿ ಕುಳಿತ. ಆಚೆ ಮಗ್ಗ ಹೊಡೆಯುತ್ತಿತ್ತು. ನಡುವೆ ಒಮ್ಮೆ ಅದು ತಾನಾಗಿ ನಿಂತಿತು, ಬಹಳ ಹೊತ್ತು ಕಾಯಿತು. ಗಿರಮಲ್ಲಪ್ಪ ತುಟಿ ಬಿಗಿಹಿಡಿದು ಕುಳಿತಿದ್ದ. ಕೊನೆಗೆ ಆಚೆಯವನಿಗೇ ಬೇಸರವಾಗಿ ಮಗ್ಗ ಮತ್ತೆ ಹೊರಟಿತು.